ಝಡ್ ಕಡೆಯಿಂದ ಹೊರಟವರು

ಮಾವನ ಮುಂದೆ ಗಂಭೀರವಾಗಿ ಮಾತಾಡಬೇಕೆಂದು ದಾರಿಯುದ್ದಕ್ಕೂ ಗಂಟಲು ಸರಿಮಾಡಿಕೊಂಡು ಬಂದ ಅಳಿಯ, ಕುರ್ಚಿಯಲ್ಲಿ ಕೂತ ಮರುಕ್ಷಣ ನೆಲದ ಮೇಲಿದ್ದ. ಬೀಳುವಾಗ ಹಿಡಿದ ಮೇಜಿನಂಚಿನಿಂದ ಒಂದು ಡಬ್ಬಿಯೂ ಉರುಳಿ, ಪದಗಳ ಚೀಟಿಗಳು ಅವನ ಬೊಜ್ಜಿನ ಮೇಲೆ ಹರಡಿಕೊಂಡವು.

"ಅದಕ್ಕೆ ಮೂರೇ ಕಾಲು," ಎಂದರು ಮಾವ, ತಲೆ ಎತ್ತದೆ. "ಕೂರೋಕೆ ಯಾರೂ ಬರಲ್ವಲ್ಲ, ಹೇಳೋ ಅಭ್ಯಾಸ ತಪ್ಪಿಹೋಗಿದೆ. ಏಟು ಬಿತ್ತಾ ಅಳಿಯಂದಿರೇ?"

"ಮಾನಕ್ಕೆ ಬಿತ್ತು ಮಾವ. ಉಳಿದದ್ದು ಮೆತ್ತಗಿದೆ."

ಅಚ್ಚುಮನೆಯ ಹಿಂಬದಿಯ ಈ ಕೋಣೆಯಲ್ಲಿ ಮಾವ ಮತ್ತು ಅವರ ಗೆಳೆಯರೊಬ್ಬರು ಸೇರಿ ಇಂಗ್ಲಿಷ್ ಪದಗಳ ಹುಟ್ಟಿನ ಕತೆ ಹೇಳುವ ನಿಘಂಟು ಬರೆಯತೊಡಗಿದಾಗ ಮಾವನ ತಲೆತುಂಬ ಕಪ್ಪು ಕೂದಲಿತ್ತು. ಬೇಗ ಮುಗಿಯಲೆಂದು ಒಂದು ಉಪಾಯ ಹೂಡಿದ್ದರು: ಗೆಳೆಯ 'ಎ'ಯಿಂದ ಮುಂದಕ್ಕೆ, ಮಾವ 'ಝಡ್'ನಿಂದ ಹಿಂದಕ್ಕೆ. ಸುರಂಗ ಕೊರೆಯುವವರ ಹಾಗೆ ನಡುವೆ ಎಲ್ಲೋ ಭೇಟಿ. ಗೆಳೆಯ 'ಎಲ್' ಮುಗಿಸಿ ತೀರಿಕೊಂಡರು. ಮಾವ ಇನ್ನೂ 'ಡಬ್ಲ್ಯೂ'ನಲ್ಲೇ ಇದ್ದರು. ಒಂದು ಪದ ಕೈಗೆ ಸಿಕ್ಕರೆ ಅದರ ಮುತ್ತಜ್ಜನನ್ನು ಕಾಣದೆ ಬಿಡುವವರಲ್ಲ. ನಿನ್ನೆ ಅಚ್ಚುಮನೆಯ ಯಜಮಾನರು ಹೇಳಿಬಿಟ್ಟರು: 'ಎಲ್'ವರೆಗೆ ಅಚ್ಚು ಹಾಕುತ್ತೇವೆ, ಬಾಲದ ತುಂಡು ಯಾರಿಗೆ ಬೇಕು, ಕೋಣೆ ಖಾಲಿ ಮಾಡಿ. ಅಪ್ಪನನ್ನು ಮನೆಗೆ ಕರೆತರಲು ಮಗಳು ಗಂಡನನ್ನು ಅಟ್ಟಿದ್ದಳು.

"ಕೊನೇಗೆ ಯಾವ ಪದದಲ್ಲಿದ್ರಿ?" ಅಳಿಯ ಚೀಟಿ ಆರಿಸುತ್ತ ಕೇಳಿದ.

"ವಿಂಡೋ. ಉತ್ತರ ದೇಶದ ಹಡಗಿನವರ ಜೊತೆ ಇಂಗ್ಲಿಷಿಗೆ ಬಂದ ಪದ. ಗಾಳಿಯ ಕಣ್ಣು ಅಂತ ಅರ್ಥ. ಆಗ ಗಾಜು ಎಲ್ಲಿತ್ತು, ಗೋಡೇಲೊಂದು ಕಂಡಿ ಅಷ್ಟೆ."

"ಚೆನ್ನಾಗಿದೆ."

"ಇಂಗ್ಲಿಷಿನವರದ್ದೇ ಒಂದು ಪದ ಇತ್ತು, ಕಣ್ಣುತೂತು ಅನ್ನೋ ಥರ. ಇದು ಬಂತು, ಅದು ಮೂಲೆ ಸೇರ್ತು. ಯಾವತ್ತು ಸತ್ತಿತು ಅಂತ ನೋಡಿದೋರೂ ಇಲ್ಲ."

ಹೇಳುತ್ತಲೇ ಮಾವ ಬೀರುವಿನ ಚೀಟಿಗಳನ್ನೆಲ್ಲ ಗೋಣಿಚೀಲಕ್ಕೆ ಸುರಿಯತೊಡಗಿದರು. 'ವೈ'ಯ ಮೇಲೆ 'ಡಬ್ಲ್ಯೂ', ಅದರ ಮೇಲೆ 'ಎಕ್ಸ್', ಕಸ ಸುರಿದ ಹಾಗೆ. ಒಂದು ಚೀಟಿ ಸಾಲು ತಪ್ಪಿದರೆ ಊಟ ಬಿಟ್ಟು ಹುಡುಕುತ್ತಿದ್ದ ಮನುಷ್ಯ. ಅಳಿಯ ತಮಾಷೆ ಮಾಡಲು ಬಾಯಿ ತೆರೆದ. ಇಂಥ ಹೊತ್ತಿಗೆ ಸದಾ ಒದಗಿಬರುತ್ತಿದ್ದ ಕುಚೋದ್ಯ ಇವತ್ತು ಕೈಕೊಟ್ಟಿತು.

"ನಿಮಗೆ ಸಿಟ್ಟು ಬರಲ್ವಾ ಮಾವ?"

"ಆ್ಯಂಗರ್ 'ಎ'ಯಲ್ಲಿ ಬರುತ್ತೆ," ಎಂದರು ಮಾವ, ಚೀಲದ ಬಾಯಿ ಕಟ್ಟುತ್ತ. "ಅದು ಅವನ ಪಾಲಿಂದು."