ಗುಡುಗಿದ ಮೇಲೆ ಬಾರದ ಮೇಲ್

ನನಗೆ ಫೋನಿನಲ್ಲಿ ಮಾತನಾಡಲು ಬರುವುದಿಲ್ಲ, ಮಕ್ಕಳೇ. ನೀವು ಎಂತ ವಿಶೇಷ ಎಂದು ಕೇಳಿದರೆ ಎಂತ ಇಲ್ಲ ಎಂದುಬಿಡುತ್ತೇನೆ. ಹೇಳಬೇಕಾದದ್ದೆಲ್ಲ ನೆನಪಾಗುವುದು ಫೋನು ಇಟ್ಟ ಮೇಲೆ. ಬರೆಯಲು ಕೂತರೆ ಮಾತ್ರ ನಾನು ವಾಚಾಳಿ. ಹಾಗಾಗಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಗುಂಯ್ ಎನ್ನುವ ಆ ಕಪ್ಪು ಕಂಪ್ಯೂಟರನ್ನು ನನ್ನ ನಾಲಿಗೆ ಎಂದರೂ ತಪ್ಪಲ್ಲ.

ಅದು ನಿಮ್ಮ ಅಜ್ಜ ಇಟ್ಟ ಮೇಲ್ ಸರ್ವರ್. ಅಬುಧಾಬಿಯಲ್ಲಿ ಕಂಡವರ ಕಂಪ್ಯೂಟರುಗಳನ್ನೆಲ್ಲ ನೋಡಿಕೊಂಡು ಕಾಪುವಿಗೆ ಮರಳಿದವರು, ನಮ್ಮ ಮನೆಯ ಕಾಗದ ನಮ್ಮ ಮನೆಯಲ್ಲೇ ಇರಬೇಕೆಂದು ಹಟ ಹಿಡಿದರು. ನಮಗೆ ಬರುವ ಮೇಲ್ ಮೊದಲು ಹೊರಗಿನ ಒಂದು ಬಾಡಿಗೆ ಪೆಟ್ಟಿಗೆಗೆ ಬೀಳುತ್ತದೆ. ಈ ಯಂತ್ರ ಕಾಲು ಗಂಟೆಗೊಮ್ಮೆ ಹೋಗಿ ಅದನ್ನು ತರುತ್ತದೆ. ಅವರು ತೀರಿಕೊಂಡ ಮೇಲೂ ತರುತ್ತಿತ್ತು, ಏಕೆಂದರೆ ಅದನ್ನು ನೋಡಿಕೊಳ್ಳುವುದನ್ನು ನನಗೆ ಕಲಿಸಿದ್ದರು. ಈ ಸಲ ಮಳೆಗಾಲ ಮುಗಿಯುತ್ತಾ ಬಂದಾಗ ಅದು ಬರಿಗೈಯಲ್ಲಿ ಬರತೊಡಗಿತು.

ಮಗ ದಿನೇಶ ಮಣಿಪಾಲದ ಕೆಲಸ ಮುಗಿಸಿ ಬಂದು ಅದನ್ನೊಮ್ಮೆ ಆರಿಸಿ ಹಚ್ಚಿದ. ಎಲ್ಲ ಮೇಲ್ ಬಂತು. ಸರಿ ಉಂಟಲ್ಲ ಎಂದು ಊಟಕ್ಕೆ ಕೂತ. ಮತ್ತೆರಡು ದಿನಕ್ಕೆ ಪುನಃ ನಿಂತಿತು. ಪಾಸ್‌ವರ್ಡ್ ಬದಲಿಸಿದ್ದಾಯಿತು, ವೈರು ಬದಲಿಸಿದ್ದಾಯಿತು, ಬಾಡಿಗೆ ಪೆಟ್ಟಿಗೆಯವರನ್ನು ಬೈದದ್ದೂ ಆಯಿತು. ಅಷ್ಟರಲ್ಲಿ ನಿಟ್ಟೆಯ ಹಾಸ್ಟೆಲಿನಿಂದ ಅವನ ಮಗಳು ಶ್ರಾವ್ಯ ಅಪ್ಪನಿಗೆ ಫೋನು ಮಾಡಿ, ಉತ್ತರ ಬರೆಯದಷ್ಟು ಸಿಟ್ಟು ಅಜ್ಜಿಗೆ ಏಕೆ ಎಂದು ಕೇಳಿದಳಂತೆ. ಅದು ನನಗೆ ನಾಟಿತು.

ದಿನೇಶನಿಗೂ ಸಾಕಾಗಿತ್ತು. "ಎಂತಕ್ಕಮ್ಮ ಈ ಕಿರಿಕಿರಿ? ಮೇಲ್ ನಿನ್ನ ಫೋನಿಗೇ ಬರುವ ಹಾಗೆ ಮಾಡಿಕೊಡ್ತೇನೆ. ಆದಿತ್ಯವಾರ ಇದನ್ನು ಗುಜರಿಗೆ ಹಾಕುವ. ನೀನು ಅಪ್ಪ ಇದ್ದ ಕಾಲದಲ್ಲೇ ಕೂತಿದ್ದಿ."

"ಹಾಕುವುದು ಬೇಡ," ಎಂದೆ. ದೋಸೆ ಹೊಯ್ಯುತ್ತಿದ್ದ ಸೊಸೆ ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು. ಈ ಮನೆಯಲ್ಲಿ ನಾನು ಎದುರು ಮಾತನಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲಿರಬೇಕು.

ಮರುದಿನ ಎಲ್ಲರೂ ಹೊರಟ ಮೇಲೆ, ಯಂತ್ರ ತನ್ನ ಓಡಾಟದ ಬಗ್ಗೆ ಬರೆದಿಡುವ ಸಾಲುಗಳನ್ನು ತೆರೆದು ಕೂತೆ. ನಮ್ಮೂರ ಶಾಲೆಯ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಮಾತುಗಳನ್ನೆಲ್ಲ ಓದಿ, ತಾರೀಕನ್ನು ಬಿಟ್ಟಿದ್ದೆ. ಪೇಪರ್ ಓದುವಾಗ ಯಾರು ತಾರೀಕು ನೋಡುತ್ತಾರೆ? ಕೊನೆಗೆ ನೋಡಿದರೆ, ಮೇಲ್ ತರಲಾಗದೆ ಸೋತ ಸಾಲುಗಳಲ್ಲೆಲ್ಲ ಇದ್ದದ್ದು ಶ್ರಾವ್ಯ ತೊಟ್ಟಿಲಲ್ಲಿದ್ದ ವರ್ಷ. ಹೊರಗಿನ ಪೆಟ್ಟಿಗೆ ತೋರಿಸುವ ಗುರುತಿನ ಪತ್ರಕ್ಕೆ ಈ ವರ್ಷದ ತಾರೀಕು. ನಮ್ಮ ಯಂತ್ರಕ್ಕೆ ಅದು ಇನ್ನೂ ಹುಟ್ಟದ ಪತ್ರ; ನಂಬದೆ ಹಿಂದಿರುಗುತ್ತಿತ್ತು. ಮೀನು ಕೊಳ್ಳಲು ಹೆಜಮಾಡಿಗೆ ಹೋಗಿ, ಈ ಮೀನು ಇನ್ನೂ ಸಮುದ್ರದಲ್ಲುಂಟು ಎಂದು ಬುಟ್ಟಿ ಖಾಲಿ ತಂದ ಹಾಗೆ.

ಕಾರಣ ನಾನೇ. ಗುಡುಗಿನ ಸದ್ದು ಕೇಳಿದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಬರುವುದು ನಮ್ಮ ಕಡೆಯ ಹೆಂಗಸರಿಗೆ ದೀಪ ಹಚ್ಚುವಷ್ಟೇ ಸಹಜ. ಯಂತ್ರದೊಳಗೆ ಗಡಿಯಾರಕ್ಕೊಂದು ಗುಂಡಗಿನ ಬ್ಯಾಟರಿ ಉಂಟು; ಅದು ಸತ್ತಿತ್ತು. ಪ್ಲಗ್ ಕಿತ್ತರೆ ತಾರೀಕು ಹಿಂದಕ್ಕೆ. ಎದ್ದಾಗ ಇದು ಹೊರಗಿನವರನ್ನು ಒಮ್ಮೆ ಸಮಯ ಕೇಳುತ್ತದೆ. ನಾನೋ, ಇದು ಏಳುವುದು ನಿಧಾನವೆಂದು ಇದನ್ನೇ ಮೊದಲು ಹಚ್ಚಿ, ಆಮೇಲೆ ಇಂಟರ್‌ನೆಟ್ಟಿನ ಡಬ್ಬಿ ಹಚ್ಚುತ್ತಿದ್ದೆ. ದಿನೇಶ ಆರಿಸಿ ಹಚ್ಚಿದಾಗ ಡಬ್ಬಿ ಮೊದಲೇ ಎದ್ದಿತ್ತು; ನಾನು ಹಚ್ಚಿದರೆ ಇದು ಕೇಳಿದಾಗ ಹೇಳುವವರಿಲ್ಲ, ಮತ್ತೆ ಕೇಳುವ ಅಭ್ಯಾಸ ಇದಕ್ಕಿಲ್ಲ. ಸಂಕೋಚದಲ್ಲಿ ನನ್ನದೇ ಜಾತಿ.

ಕಾಪು ಪೇಟೆಯ ವಾಚಿನ ಅಂಗಡಿಗೆ ಒಬ್ಬಳೇ ಹೋದೆ. ಮೊದಲ ಸಲ ಕೇಳಿದ್ದು ನನಗೇ ಕೇಳಿಸಲಿಲ್ಲ. ಎರಡನೇ ಸಲ ಗಟ್ಟಿಯಾಗಿ ಕೇಳಿ ಬ್ಯಾಟರಿ ತಂದು, ಮುಚ್ಚಳ ಬಿಚ್ಚಿ ಕೂರಿಸಿ, ತಾರೀಕು ಸರಿ ಮಾಡಿದೆ.

ಶನಿವಾರ ಸಂಜೆ ಚೆನ್ನಾಗಿ ಗುಡುಗಿತು. ದಿನೇಶನ ಕಣ್ಣೆದುರೇ ಪ್ಲಗ್ಗುಗಳನ್ನೆಲ್ಲ ಕಿತ್ತೆ. ಸಿಡಿಲಿಗೆ ಹೆದರುವುದನ್ನು ನಾನು ಯಾರಿಗಾಗಿಯೂ ಬಿಡುವವಳಲ್ಲ. ಆಕಾಶ ತಣ್ಣಗಾದ ಮೇಲೆ ಬೇಕೆಂದೇ ಮೊದಲಿನ ಕ್ರಮದಲ್ಲೇ ಹಚ್ಚಿದೆ, ಯಂತ್ರ ಮೊದಲು, ಡಬ್ಬಿ ಆಮೇಲೆ. ಕಾಲು ಗಂಟೆಯಲ್ಲಿ ಯಂತ್ರ ಹೊಸ ಮೇಲ್ ತಂದಿತು. ಅಜ್ಜಿ, ಸಿಟ್ಟು ಹೋಯಿತಾ ಎಂದು ಶ್ರಾವ್ಯ ಕೇಳಿದ್ದಳು.

ದಿನೇಶ ಪರದೆಯನ್ನೇ ನೋಡುತ್ತಾ, "ಹಾಗಾದರೆ ಇದನ್ನು ಇಟ್ಟುಕೊಳ್ಳುವುದೇ?" ಎಂದ.

"ಅಪ್ಪ ಇದ್ದ ಕಾಲದಲ್ಲಿ ಕೂತದ್ದು ನಾನಲ್ಲ ಮಾರಾಯ, ಇದು," ಎಂದೆ. "ಎಬ್ಬಿಸಿದ್ದು ನಾನು."

ಅವನು ಊಟಕ್ಕೆ ಎದ್ದ. ನಾನು ಶ್ರಾವ್ಯಳಿಗೆ ಉತ್ತರ ಬರೆಯಲು ಕೂತೆ, ಮೇಲೆ ಇವತ್ತಿನ ತಾರೀಕು ಹಾಕಿ.