ಏಳನೆಯ ರೀಲು ಕಂಡವರು

ಬಸ್ರೂರಿನ ಗುರುವನಿಗೆ ಸಿನಿಮಾದ ಮೇಲೆ ಸಿಟ್ಟಿರಲಿಲ್ಲ. ಸಿನಿಮಾ ನೋಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಕುಂದಾಪುರದ ಟಾಕೀಸೊಂದರಲ್ಲಿ ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಓಡಿಸಿದವನು ಅವನು. ಗೋಡೆಯ ಅಂಗೈಯಗಲದ ಕಿಂಡಿಯಿಂದ ಅವರ ತಲೆಗಳನ್ನು ನೋಡಿ ನೋಡಿ ಸಾಕಾಗಿತ್ತು. ಹೊಡೆದಾಟ ಬಂದರೆ ಕುರ್ಚಿ ಕುಟ್ಟುವ, ಮಾತು ಬಂದರೆ ಬೀಡಿಗೆ ಏಳುವ ತಲೆಗಳು. ಟಾಕೀಸು ಮುಚ್ಚಿದ ಮೇಲೆ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮಂಜುಗಡ್ಡೆ ಶಿಳ್ಳೆ ಹಾಕುವುದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ.

2014ರ ಮಳೆಗಾಲ ಮುಗಿಯುವ ಹೊತ್ತಿಗೆ ಮೊಬೈಲ್ ಅಂಗಡಿಯ ರವಿರಾಜ ಅವನನ್ನು ಹುಡುಕಿಕೊಂಡು ಬಂದ.

"ಹ್ವಾಯ್ ಗುರ್ವಣ್ಣ, ಆ ಇಂಗ್ಲಿಷ್ ರಾಕೆಟ್ ಪಿಚ್ಚರಿನ ಎರಡನೇ ಭಾಗ ಬತ್ತಾ ಇತ್ತ್, ಗೊತ್ತಿತ್ತಾ? ಹದಿನೈದ್ ವರ್ಷದಿಂದ ಕಾಯ್ತಾ ಇತ್ತ್ ಇಡೀ ಕುಂದಾಪ್ರ. ಮೊದ್ಲನೇದನ್ನ ತೋರ್ಸಿದವ್ರ್ ನೀವಲ್ದಾ? ನಮ್ ಫ್ಯಾನ್ಸ್ ಸಂಘದಿಂದ ನಿಮ್ಗೊಂದ್ ಸನ್ಮಾನ ಮಾಡ್ಕ್ ಅಂದೇಳಿ."

ಇಡೀ ಕುಂದಾಪುರ! ಗುರುವನಿಗೆ ನಗು ಬಂತು. 1999ರಲ್ಲಿ ಆ ಸಿನಿಮಾ ಊರೂರು ಸುತ್ತಿ, ಸವೆದು, ಮೂರು ದಿನದ ಮಟ್ಟಿಗೆ ಇಲ್ಲಿಗೆ ಬಂದಿತ್ತು. ಹೊರಗೆ ಅದಕ್ಕೆ ದೊಡ್ಡ ಹೆಸರಂತೆ. ಇಲ್ಲಿ ಒಂದು ಆಟಕ್ಕೂ ಇಪ್ಪತ್ತು ಜನ ದಾಟಲಿಲ್ಲ. ಏಳನೆಯ ರೀಲಿನ ಅಂಚಿನ ತೂತುಗಳೆಲ್ಲ ಹರಿದು, ಅದು ಮೆಷಿನ್ನಿನ ಹಲ್ಲಿಗೆ ಕಚ್ಚುತ್ತಲೇ ಇರಲಿಲ್ಲ. ಟಾಕೀಸಿನ ಯಜಮಾನ ಪದ್ದಣ್ಣ, "ಅದನ್ನ್ ಬಿಟ್ ಹಾಕ್ ಮಾರಾಯ, ಯಾರಿಗ್ ಗೊತ್ತಾತ್ತ್?" ಅಂದಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಆರನೆಯ ರೀಲಿನಲ್ಲಿ ಹರೆಯದವಳಾಗಿದ್ದ ಹೆಂಗಸು ಎಂಟನೆಯದರಲ್ಲಿ ತಲೆ ನರೆತು ಬಂದಳು. ಇದ್ಯಾಕೆ ಹೀಗೆ ಎಂದು ಮೂರು ದಿನದಲ್ಲಿ ಒಬ್ಬನೂ ಕೇಳಲಿಲ್ಲ.

ಗುರುವ ಮಾತ್ರ ಆ ರೀಲನ್ನು ಬಲ್ಬಿಗೆ ಹಿಡಿದು, ಕೈ ಸೋಲುವವರೆಗೆ ಒಂದೊಂದೇ ಚಿತ್ರ ನೋಡಿದ್ದ. ದುಂಡನೆಯ ಕಿಟಕಿಯ ಹತ್ತಿರ ಕೂತು ಅವಳು ಕಾಗದ ಬರೆಯುತ್ತಿದ್ದಳು. ಬರೆಯುತ್ತ ಬರೆಯುತ್ತ ಕೂದಲು ಬೆಳ್ಳಗಾಗುತ್ತಿತ್ತು. ಯಾರಿಗೆ ಬರೆಯುತ್ತಿದ್ದಾಳೆಂದು ಗುರುವನಿಗೆ ತಿಳಿಯಲಿಲ್ಲ.

ಸನ್ಮಾನ ಬೇಡವೆನ್ನಬಹುದಿತ್ತು. ಆದರೆ ಈ ಜನ ಸುಳ್ಳನ್ನು ಎಷ್ಟು ದೂರ ಒಯ್ಯುತ್ತಾರೆಂದು ನೋಡುವ ಆಸೆಯಾಗಿ, ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟ. ಶಾಸ್ತ್ರಿ ಸರ್ಕಲ್ ಹತ್ತಿರದ ಸಭಾಭವನದಲ್ಲಿ ನಲವತ್ತು ಜನ, ಎಲ್ಲರ ಎದೆಯ ಮೇಲೂ ರಾಕೆಟ್ಟಿನ ಚಿತ್ರ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ರವಿರಾಜ ಮೈಕ್ ಹಿಡಿದ.

"ಕಿಟ್ಕಿ ಹತ್ರ ಕೂತ್ಕಂಡ್ ಕಾಗ್ದ ಬರೀತಾ ಬರೀತಾ ಆ ಹೆಣ್ಣ್ ಮುದ್ಕಿ ಆಗು ಸೀನ್ ಇತ್ತಲೆ, ಅದನ್ನ್ ಗುರ್ವಣ್ಣನ ಟಾಕೀಸೊಳ್ಗೆ ಕಂಡ್ ನಾನ್ ಕಣ್ಣೀರ್ ಹಾಕ್ಕಂಡ್ ಹೊರ್ಗ್ ಬಂದಿದ್ದೆ!"

ಇಂಟರ್ನೆಟ್ಟಿನಲ್ಲಿ ನೋಡಿದ್ದನ್ನು ಇವನು ಟಾಕೀಸಿನ ಲೆಕ್ಕಕ್ಕೆ ಬರೆಯುತ್ತಿದ್ದಾನೆ. ಗುರುವ ಎದ್ದು ಮೈಕ್ ತೆಗೆದುಕೊಂಡ.

"ಆ ರೀಲ್ ಇಲ್ಲಿ ಓಡ್ಲೇ ಇಲ್ಲ ಮಾರಾಯ. ಹರ್ದ್ ಹೋಯಿತ್ತ್, ಡಬ್ಬದೊಳ್ಗೇ ಇತ್ತ್. ನೀನ್ ಇಂಟರ್ವೆಲ್ಲಿಗೇ ಎದ್ ಹೋದವ. 'ಫೈಟ್ ಹಾಕಾ' ಅಂದೇಳಿ ಬೊಬ್ಬೆ ಹೊಡ್ದದ್ದೂ ನೀನೇ."

ರವಿರಾಜ ನಗುತ್ತ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಗುರ್ವಣ್ಣಂಗೆ ಪ್ರಾಯ ಆಯ್ತಲೆ, ನೆನ್ಪ್ ಹಿಂದೆ ಮುಂದೆ ಆತ್ತ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು, "ನಾನೂ ಕಂಡಿದ್ದೆ ಅಣ್ಣ, ನಿಮ್ಗ್ ಮರ್ತ್ ಹೋಯಿತ್" ಎಂದು ಅವನನ್ನೇ ಸಂತೈಸಿದರು. ಹಾಗೆಂದವರಲ್ಲಿ ವಿಶಾಲನೂ ಒಬ್ಬ, ಕಾಲೇಜು ಹುಡುಗ. "ನೀನ್ ಆಗ ತೊಟ್ಲೊಳ್ಗೆ ಇದ್ದೆ" ಎಂದು ಗುರುವ ಹಣ್ಣಿನ ಬುಟ್ಟಿಯನ್ನು ಅವನ ಕೈಗೇ ಕೊಟ್ಟು ಬಸ್ಸು ಹತ್ತಿದ.

ಮನೆಯಲ್ಲಿ ಹೆಂಡತಿ ಸುಗುಣ, "ಎಂತ ಆಯ್ತ್?" ಎಂದಳು.

"ಎಲ್ಲರೂ ಕಂಡಿದ್ರ್ ಅಂಬ್ರ್. ನಾನೊಬ್ಬ ಕಾಣ್ಲಿಲ್ಲೆ."

"ಸುಳ್ಳ್ ಹೇಳುವರ ಹತ್ರ ಜಗ್ಳ ಮಾಡುಕೆ ಇಸ್ತ್ರಿ ಬೇರೆ ಹಾಕ್ಕಂಡ್ ಹೋದ್ರ್ಯಾ?"

ಎರಡನೆಯ ಭಾಗ ಬಿಡುಗಡೆಯಾದ ಶುಕ್ರವಾರ ಸಂಘದವರು ಎರಡು ವ್ಯಾನು ಮಾಡಿಕೊಂಡು ಮಣಿಪಾಲದ ಮಲ್ಟಿಪ್ಲೆಕ್ಸಿಗೆ ಹೋದರು. ಗುರುವನನ್ನು ಕರೆಯಲಿಲ್ಲ. ಸೋಮವಾರ ಅವನೊಬ್ಬನೇ, ಸುಗುಣಳಿಗೂ ಹೇಳದೆ ಹೋಗಿ ನೋಡಿದ. ಎರಡೂವರೆ ಗಂಟೆ ಬರೀ ಬೆಂಕಿ, ಸ್ಫೋಟ. ಕಾಗದ ಬರೆದವಳ ಸುದ್ದಿಯೇ ಇಲ್ಲ. ಅವಳು ಬಂದಾಳೆಂದು ಪರದೆಯಲ್ಲಿ ಕೊನೆಯ ಹೆಸರು ಮೇಲೇರುವವರೆಗೂ ತಾನು ಕೂತೇ ಇದ್ದೇನೆಂಬುದು ಹೊಳೆದಾಗ, ರಾಕೆಟ್ ಅಂಗಿಯವರಿಗಿಂತ ತಾನೇನು ಮೇಲು ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ವಾರ ಕಳೆದು ರವಿರಾಜನ ಅಂಗಡಿಗೆ ಹೋಗಬೇಕಾಯಿತು.

"ಮೊದ್ಲನೇದ್ರಷ್ಟ್ ಲಾಯ್ಕ್ ಇಲ್ಲೆ ಗುರ್ವಣ್ಣ," ಎಂದ ರವಿರಾಜ, ಸಾವಿನ ಮನೆಯಿಂದ ಬಂದವನ ಮುಖದಲ್ಲಿ. ಮರುಗಳಿಗೆಗೆ ಕಣ್ಣು ಅರಳಿತು. "ಆದ್ರೆ ಮೂರನೇದ್ ಬತ್ತ್ ಅಂಬ್ರ್. ಅದ್ ಭಾರೀ ಇರತ್ತ್, ಕಾಣಿ. ಈಗ್ಲೇ ಕಾಯೂಕ್ ಶುರು ಮಾಡಿತ್ ನಮ್ ಸಂಘ."

ಗುರುವ ಅವನ ಮುಖವನ್ನೊಮ್ಮೆ ನೋಡಿ ಮೊಬೈಲನ್ನು ಗಾಜಿನ ಮೇಲಿಟ್ಟ.

"ಐವತ್ತರ ಕರೆನ್ಸಿ ಹಾಕ್," ಅಂದ.