ಮಂಗಳವಾರ ತೊಳೆದಿಟ್ಟ ಡಬ್ಬಿ

ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮ ಅತ್ತೆ ಆರೋಗ್ಯಮ್ಮನವರು ಮೂರು ಸಲ ಎಚ್ಚರ ತಪ್ಪಿ ಬಿದ್ದರು. ಮೂರು ಸಲವೂ ಮಂಗಳವಾರ, ಬೆಳಗಿನ ಹತ್ತು ಹನ್ನೊಂದರ ಹೊತ್ತು. ಮೈಯೆಲ್ಲ ಬೆವರು, ಮಾತು ತೊದಲು, ಆಮೇಲೆ ಕಣ್ಣು ಮೇಲಕ್ಕೆ. ಮನೆಯಲ್ಲಿ ನಾವಿಬ್ಬರೇ. ನಮ್ಮ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನಾ ಬಸ್ಸಿನಲ್ಲಿ ಹೋಗಿ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತೇನೆ. ಆರೂವರೆಗೆ ಮನೆ ಬಿಡುವ ಮುಂಚೆ ಅತ್ತೆಗೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನನ್ನ ಕೈಯಾರೆ ನುಂಗಿಸಿ, ತಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗುವುದು ನನ್ನ ಪದ್ಧತಿ.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಜಬೀನಾ ಪ್ರತಿ ಸಲವೂ ಫೋನು ಮಾಡಿದಳು. "ಅಕ್ಕಾ, ಅಜ್ಜಿ ಮತ್ತೆ ಬಿದ್ದೋಗವ್ರೆ, ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡೋಗ್ತಾ ಇವ್ನಿ, ನೀವು ಬೇಗ ಬಂದ್ಬುಡಿ." ನಾನು ಅನ್ನದ ಪಾತ್ರೆ ಬಿಟ್ಟು ಸಿಕ್ಕಿದ ಬಸ್ಸು ಹತ್ತಿ, ಮನೆಯಿಂದ ಅತ್ತೆಯ ಬಟ್ಟೆ ತೆಗೆದುಕೊಂಡು ಆಸ್ಪತ್ರೆಗೆ ಓಡುತ್ತಿದ್ದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದು ಡಾಕ್ಟರು ಗ್ಲೂಕೋಸ್ ಏರಿಸಿ ಕೇಳುತ್ತಿದ್ದರು, "ತಿಂಡಿ ತಿಂದಿದ್ರಾ?" ನಾನು ಎದೆ ತಟ್ಟಿ ಹೇಳುತ್ತಿದ್ದೆ, "ತಿಂದಿದ್ರು ಸಾರ್, ಡಬ್ಬಿ ಖಾಲಿ ಇತ್ತು." ಮಾತ್ರೆ ಅರ್ಧ ಮಾಡಿಕೊಟ್ಟರು. ಆದರೂ ಬಿದ್ದರು. ಮೂರನೆಯ ಸಲ ಎರಡು ದಿನ ಮಲಗಿಸಿಕೊಂಡು, "ಇನ್ನೊಂದು ಸಲ ಹೀಗಾದರೆ ಉಳಿಯೋದು ಕಷ್ಟ ಕಣಮ್ಮ" ಎಂದರು.

ನಮ್ಮ ಕೇರಿಯಲ್ಲಿ ಪ್ರಾರ್ಥನಾಕೂಟ ನಡೆಸುವ ಜೆಸಿಂತಮ್ಮ ಎಂಬ ಹೆಂಗಸಿದ್ದಾರೆ. ಹತ್ತು ಜನ ಕೂರುವ ಕೋಣೆಗೆ ಮೈಕು ಇಟ್ಟುಕೊಳ್ಳುವವರು, ಪ್ರಭುವಿಗೆ ಕಿವಿ ಮಂದವೆಂದು ತಿಳಿದವರು. ಎಣ್ಣೆ ಶೀಶೆ ಹಿಡಿದು ಬಂದು ಅತ್ತೆಯ ಹಣೆಯನ್ನು ಬೋಂಡ ಕರಿಯುವಷ್ಟು ಎಣ್ಣೆಯಲ್ಲಿ ನೆನೆಸಿ, "ಮಂಗಳವಾರ ಸಂತ ಅಂತೋಣಿಯವರ ದಿನ. ಸೈತಾನನಿಗೆ ಸೈರಿಸೋಕಾಗಲ್ಲ, ಅದ್ಕೇ ಅವತ್ತೇ ಕೆಡವ್ತಾನೆ" ಎಂದು ತೀರ್ಪು ಕೊಟ್ಟರು. ಅತ್ತೆ ತಲೆಯಾಡಿಸಿದರು. ನಾನೂ ಆಮೆನ್ ಅಂದೆ. ನನ್ನ ಆಮೆನ್‌ಗೆ ಅಷ್ಟೇ ಬೆಲೆ.

ಹಾಗೆಂದು ನನ್ನ ಪ್ರಾರ್ಥನೆ ಏನೂ ಹೆಚ್ಚಿನದಲ್ಲ. ನೆನೆದರೆ ಹೇಸಿಗೆಯಾಗುತ್ತದೆ. ಬಾಯಲ್ಲಿ ನಮೋ ಮರಿಯ ಜಪ, ಮನಸ್ಸಿನಲ್ಲಿ ನಾಳಿನ ಹುಳಿಗೆ ಯಾವ ತರಕಾರಿ ಎಂಬ ಲೆಕ್ಕ. ಕೊನೆಗೆ ಅದು ಕೊಡು, ಇದು ಕೊಡು, ಅತ್ತೆಗೆ ಬುದ್ಧಿ ಕೊಡು. ಅಂಗಡಿಯವನ ಮುಂದೆ ಚೀಟಿ ಓದುವವಳಿಗೂ ನನಗೂ ವ್ಯತ್ಯಾಸವಿರಲಿಲ್ಲ. ಅಂಗಡಿಯವನಿಗಾದರೂ ಉತ್ತರ ಹೇಳಲು ಬಿಡುತ್ತೇವೆ.

ಎರಡನೆಯ ಸಲ ಬಿದ್ದ ಮೇಲಿನ ಭಾನುವಾರ ನಮ್ಮ ಚರ್ಚಿಗೆ ಯೇಸುಸಭೆಯ ಗುರುಗಳೊಬ್ಬರು ಬಂದು, ಸಂಸಾರಸ್ಥರಿಗೆಂದು ಸಂತ ಇಗ್ನಾಸಿಯವರ ಪ್ರಾರ್ಥನಾ ಕ್ರಮ ಹೇಳಿಕೊಟ್ಟರು. ಕಾಲು ಗಂಟೆ ಸುಮ್ಮನೆ ಕೂರಬೇಕು. ಮೊದಲು ಧನ್ಯವಾದ, ಆಮೇಲೆ ಬೆಳಕು ಬೇಡುವುದು, ಆಮೇಲೆ ದಿನವನ್ನು ಗಂಟೆ ಗಂಟೆಯಾಗಿ ಪ್ರಭುವಿನ ಜೊತೆ ತಿರುಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಇಷ್ಟೇ. ಎಣ್ಣೆಯಿಲ್ಲ, ಕೂಗಾಟವಿಲ್ಲ. ನನಗೆ ನಗು ಬಂತು. ಎದ್ದು ನಿಂತು ಕೇಳಿಯೇಬಿಟ್ಟೆ, "ಫಾದರ್, ನಮ್ಮತ್ತೆ ಸಾಯೋ ಹಾಗವ್ರೆ. ನಾನು ಬೆಳಿಗ್ಗೆ ಪಾತ್ರೆ ತೊಳೆದದ್ದನ್ನ ದೇವರಿಗೆ ಹೇಳ್ಕೊಂಡು ಕೂತ್ಕೊಳ್ಲಾ?"

"ಪಾತ್ರೆ ತೊಳೆದದ್ದನ್ನೂ ನೋಡಿಮ್ಮ" ಎಂದರು. "ಕೇಳೋದು ಸಾಕು, ಸ್ವಲ್ಪ ದಿನ ನೋಡಿ."

ಹಟಕ್ಕೇ ಶುರು ಮಾಡಿದೆ. ಸಂಜೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಬಿಟ್ಟರೆ ತೆರಕಣಾಂಬಿ ಬರುವವರೆಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಿದ್ದೆ ಬರುತ್ತಿತ್ತು. ನಿದ್ದೆ ಬರದಿದ್ದ ದಿನ ಕಾಣುತ್ತಿದ್ದದ್ದು ನನ್ನ ಕೊಂಕು ಮಾತುಗಳೇ. ಅತ್ತೆ ತಿಂದ ಡಬ್ಬಿಗೆ ನೀರು ಹಾಕಿಡುವುದಿಲ್ಲ. ಸಂಜೆಗೆ ಉಪ್ಪಿಟ್ಟು ಒಣಗಿ ಕಲ್ಲಾಗಿರುತ್ತದೆ. ಅದನ್ನು ತಿಕ್ಕುತ್ತಾ ನಾನು ಅಂದದ್ದೆಲ್ಲ ಮತ್ತೆ ಕಿವಿಗೆ ಬೀಳುತ್ತಿತ್ತು. ಕ್ಷಮೆ ಕೇಳಿ, ಮನೆಗೆ ಹೋಗಿ, ಮತ್ತೆ ಅನ್ನುತ್ತಿದ್ದೆ. ಇಂಥ ಭಕ್ತಿ ನನ್ನದು.

ಮೂರನೆಯ ಸಲ ಆಸ್ಪತ್ರೆಯಿಂದ ಬಂದ ಮೇಲಿನ ಸೋಮವಾರ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ನಾಳೆ ಮಂಗಳವಾರ ಎಂಬ ಭಯದಲ್ಲಿ ಧನ್ಯವಾದ ಹೇಳಲು ಏನೂ ಹೊಳೆಯಲಿಲ್ಲ. ಬಿದ್ದ ದಿನಗಳಲ್ಲಾದರೂ ಏನಾದರೂ ಒಳ್ಳೆಯದಿತ್ತೇ ಎಂದು ಹುಡುಕಿದೆ. ಇತ್ತು. ಆ ದಿನಗಳಲ್ಲಿ ನಾನು ಡಬ್ಬಿ ತಿಕ್ಕಿರಲಿಲ್ಲ. ಅದು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿತ್ತು. ಸದ್ಯ, ಇವತ್ತಾದರೂ ಬುದ್ಧಿ ಬಂತಲ್ಲ ಎಂದು ನಾನು ಅತ್ತೆಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ಯೋಚಿಸಿದರೆ ಬೀಳದ ಮಂಗಳವಾರಗಳಲ್ಲೂ ಹಾಗೇ ಇತ್ತು. ಎಲ್ಲ ಬಿಟ್ಟು ಮಂಗಳವಾರ ಮಾತ್ರ ಅವರು ಡಬ್ಬಿ ಏಕೆ ತೊಳೆದರು?

ತೆರಕಣಾಂಬಿ ದಾಟಿದ್ದು ತಿಳಿಯಲಿಲ್ಲ.

ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಕೇಳಿದೆ, "ಅತ್ತೆಮ್ಮ, ಮಂಗಳವಾರ ತಿಂಡಿ ಏನ್ ಮಾಡ್ತೀರಿ?"

"ತಿಂತೀನಿ."

"ಅಂತೋಣಿಯವರ ಪಟದ ಮುಂದೆ ನಿಂತು ಹೇಳಿ."

ಅತ್ತೆ ಪಟ ನೋಡಿದರು, ನನ್ನನ್ನು ನೋಡಿದರು. "ಕೋಳಿಗೆ ಆಕ್ಬುಟ್ಟು, ನಿಂಗೆ ಗೊತ್ತಾಗ್ದಂಗೆ ಡಬ್ಬಿ ತೊಳ್ದಿಡ್ತಿದ್ದೆ ಕಣಮ್ಮಿ. ಇವ್ರ ಜೂನ್ ಹಬ್ಬಕ್ಕೆ ಹದಿಮೂರು ಮಂಗಳ್ವಾರದ ಹರಕೆ ಹೊತ್ತಿವ್ನಿ. ಹೊತ್ತು ಮುಳುಗೋಗಂಟ ಉಪಾಸ. ಯಾರ್ಗಾರಾ ಹೇಳುದ್ರೆ ಫಲ ಓಯ್ತದೆ ಅಂದ್ಳು ಜೆಸಿಂತ."

ಬರಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ. ಅದನ್ನು ನುಂಗಿಸಿದ್ದು ನನ್ನ ಕೈ. ಡಾಕ್ಟರಿಗೆ ಸುಳ್ಳು ಸಾಕ್ಷಿ ಹೇಳಿದ್ದು ನನ್ನ ಬಾಯಿ. ಸೈತಾನನಿಗೆ ನಮ್ಮ ಮನೆಯಲ್ಲಿ ಕೆಲಸವೇ ಇರಲಿಲ್ಲ. ನಾವು ಮೂವರು ಹೆಂಗಸರೇ ಸಾಕಾಗಿದ್ದೆವು.

"ಅಂಥಾದ್ದು ಏನಕ್ಕೆ ಹರಕೆ?" ಎಂದೆ.

"ಬುಡು ಅತ್ಲಾಗೆ."

"ಹೇಳಿ ಅಂದ್ರೆ."

"ನಿನ್ ಬಾಯಿ ವಸಿ ಮೆತ್ತಗಾಗ್ಲಿ ಅಂತ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮರುದಿನ ಮೊದಲ ಬಸ್ಸು ಬಿಟ್ಟೆ. ನಾಲ್ಕು ಇಡ್ಲಿ ಹಾಕಿ, ಇಬ್ಬರೂ ಎದುರು ಬದುರು ಕೂತು ತಿಂದೆವು. ಆಮೇಲೆ ಡಾಕ್ಟರ ಹತ್ತಿರ ಹೋಗಿ ನಿಜ ಒಪ್ಪಿಕೊಂಡು, ಮಾತ್ರೆ ಯಾವಾಗ, ಎಷ್ಟು ಎಂದು ಹೊಸದಾಗಿ ಬರೆಸಿಕೊಂಡು ಬಂದೆವು. ಅಂದಿನಿಂದ ಇವತ್ತಿನವರೆಗೆ ಅತ್ತೆ ಒಂದು ಸಲವೂ ಬಿದ್ದಿಲ್ಲ. ಜೆಸಿಂತಮ್ಮನವರು ಮೈಕಿನಲ್ಲಿ ಇದು ತಮ್ಮ ಎಣ್ಣೆಯ ಫಲವೆಂದು ಸಾರಿದ್ದಾರೆ. ಸಾರಿಕೊಳ್ಳಲಿ.

ಪ್ರಿಯ ವಿಶ್ವಾಸಿಗಳೇ, ಎಲ್ಲ ಬಿಟ್ಟು ಒಂದು ಎಂಜಲು ಡಬ್ಬಿಯಲ್ಲಿ ನನಗೆ ಬೆಳಕು ತೋರಿಸಿದ ಸರ್ವೇಶ್ವರನಿಗೆ ಸ್ತೋತ್ರ. ಆತ ಮಾತಾಡುತ್ತಲೇ ಇದ್ದ, ನಾನು ಬಾಯಿ ಮುಚ್ಚಿರಲಿಲ್ಲ. ಈಗಲೂ ತೆರಕಣಾಂಬಿಯವರೆಗೆ ಕಣ್ಣು ಮುಚ್ಚುತ್ತೇನೆ, ನಿದ್ದೆ ಬಂದರೂ ಬಿಡುವುದಿಲ್ಲ. ಮೊನ್ನೆ ಡಬ್ಬಿ ತಿಕ್ಕುತ್ತಾ ಹಳೆಯ ಚಾಳಿಯಂತೆ ಒಂದು ಮಾತು ಅಂದು, ನಾಲಿಗೆ ಕಚ್ಚಿಕೊಂಡೆ. ಒಳಗಿನಿಂದ ಅತ್ತೆಯ ದನಿ ಬಂತು.

"ಹರಕೆ ಏಳೇ ವಾರ ಆಗಿದ್ದು ಕಣಮ್ಮಿ, ಇನ್ನಾರು ವಾರ ನೀನೇ ಕೆಡಿಸ್ದೆ. ಅದ್ಕೇಯ ಅರ್ಧ ಮೆತ್ತಗಾಗಿದ್ದೀಯ."